ನಾಲ್ಕು ಕಬ್ಬಿಣದ ಕಾಲು, ಒಂದು ಎಡ ಚಪ್ಪಲಿ

ಡೊಂಬಿವಲಿಯ ನಮ್ಮ ಸೊಸೈಟಿಗೆ ಹೊಸದಾಗಿ ಬಂದವರು "ಅಂಕಲ್, ನೀವು ಎಲ್ಲಿ ಕೆಲಸದಲ್ಲಿದ್ರಿ?" ಎಂದು ಕೇಳಿದರೆ ನನಗಿಂತ ಮೊದಲು ನನ್ನ ಹೆಂಡತಿ ಗಿರಿಜಾ ಉತ್ತರ ಕೊಡುತ್ತಾಳೆ. "ಗಾಡಿಗೆ ಕಾಲು ಇಡುವ ಕೆಲಸ ಮಾರಾಯ್ರೆ. ಚಕ್ರ ಇದ್ದದ್ದು ಸಾಲದು ಅಂತ ಇವರು ಕಾಲೂ ಇಡ್ತಿದ್ರು." ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ.

ಸೀರಿಯಲ್ ಶೂಟಿಂಗ್ ನಡೆಯುವ ಜಾಗದಲ್ಲಿ ಬಸ್ಸಿನಷ್ಟು ಉದ್ದದ ಬಿಳಿ ಗಾಡಿಗಳು ನಿಂತಿರುವುದನ್ನು ನೀವು ನೋಡಿರಬಹುದು. ಒಳಗೆ ಮಂಚ, ದೊಡ್ಡ ಕನ್ನಡಿ, ಬಾತ್‌ರೂಮು ಎಲ್ಲ ಇರುತ್ತದೆ. ಅದಕ್ಕೆ ವ್ಯಾನಿಟಿ ವ್ಯಾನ್ ಎನ್ನುತ್ತಾರೆ. ಚಕ್ರದ ಮೇಲಿನ ಮನೆ ಅದು. ಮನೆ ಕಟ್ಟುವವನು ನೆಲ ಸಮ ಮಾಡಿಕೊಂಡು ಕಟ್ಟುತ್ತಾನೆ. ಈ ಮನೆ ಮಾತ್ರ ದಿನಕ್ಕೊಂದು ನೆಲದ ಮೇಲೆ ನಿಲ್ಲಬೇಕು. ಘೋಡ್‌ಬಂದರ್ ರಸ್ತೆಯ ಪಕ್ಕದಲ್ಲಿ ಸಮನಾದ ನೆಲ ಎಲ್ಲಿದೆ? ಗಾಡಿ ಒಂದು ಬದಿಗೆ ವಾಲಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಬಾತ್‌ರೂಮಿನ ನೀರು ಮಂಚದ ಕೆಳಗೆ ಹರಿಯುತ್ತದೆ, ಕನ್ನಡಿಯ ಮುಂದೆ ಕುಳಿತವರಿಗೆ ತಲೆ ಸುತ್ತುತ್ತದೆ. ಅದಕ್ಕೇ ಗಾಡಿಯ ಅಡಿಯಲ್ಲಿ ನಾಲ್ಕು ಹೈಡ್ರಾಲಿಕ್ ಕಾಲುಗಳು. ಡ್ರೈವರ್ ಸೀಟಿನ ಪಕ್ಕದ ಪ್ಯಾನೆಲ್ಲಿನಲ್ಲಿ ಗುಂಡಿ ಒತ್ತಿದರೆ ಪಂಪ್ ಎಣ್ಣೆ ದಬ್ಬುತ್ತದೆ, ಕಾಲು ಇಳಿಯುತ್ತದೆ, ತಗ್ಗಿದ ಬದಿ ಮೇಲೇಳುತ್ತದೆ. ಆ ಪಂಪ್, ವಾಲ್ವು, ಪ್ಯಾನೆಲ್ ಕೆಟ್ಟಾಗ ನೋಡುವುದು ನನ್ನ ಕೆಲಸವಾಗಿತ್ತು.

ಈಗ ಶ್ರೀಮಂತರು ಮನೆಮಂದಿಯೊಂದಿಗೆ ಊರು ಸುತ್ತಲು ಇಂಥ ಗಾಡಿಗಳನ್ನು ಕೊಳ್ಳತೊಡಗಿದ್ದಾರೆ. ಕೆಲಸಕ್ಕೆ ಹೊಸ ಹುಡುಗರೂ ಬರುತ್ತಿದ್ದಾರೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ. ಓದಿದ್ದು ಊರಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ, ಹಾಗಾಗಿ ಭಾಷೆ ಸಾದಾ. ಹೆಮ್ಮೆಯ ಕಡೆ ಹೆಮ್ಮೆಯಿಂದಲೇ ಬರೆಯುತ್ತೇನೆ. ಒಂದು ಕಡೆ ತಲೆ ತಗ್ಗಿಸಬೇಕಾಗುತ್ತದೆ. ಅದನ್ನು ಬಿಟ್ಟು ಬರೆದರೆ ಉಳಿದದ್ದನ್ನು ಯಾರೂ ನಂಬಬೇಕಾಗಿಲ್ಲ.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹೈಡ್ರಾಲಿಕ್ ಪ್ರೆಸ್ ಮಾಡುವ ಫ್ಯಾಕ್ಟರಿಯೊಂದಿತ್ತು. ನನ್ನ ಕೈ ಪಳಗಿದ್ದು ಅಲ್ಲಿ. ಎರಡು ಸಾವಿರದ ಇಸವಿ ಕಳೆದ ಸ್ವಲ್ಪ ಸಮಯದಲ್ಲೇ ಅದು ಬಾಗಿಲು ಹಾಕಿತು. ಕಲ್ಯಾಣ–ಶಿಳ್ ರಸ್ತೆಯ ಒಂದು ಗ್ಯಾರೇಜಿನಲ್ಲಿ "ಎಣ್ಣೆ ಪಂಪು ಗೊತ್ತಿರುವವ" ಬೇಕು ಎಂದು ಕೇಳಿ ಹೋದೆ. ಮಾಲೀಕರು ಉಲ್ಹಾಸನಗರದವರು. ಸೋಫಾ ಬಟ್ಟೆ, ರೆಕ್ಸಿನ್ ವ್ಯಾಪಾರದಿಂದ ಮೇಲೆ ಬಂದು, ವ್ಯಾನುಗಳ ಒಳಗೆ ಸೀಟು ಹೊಲಿಸುತ್ತ ಹೊಲಿಸುತ್ತ ವ್ಯಾನುಗಳನ್ನೇ ಕಟ್ಟಲು ಹೊರಟವರು. ಎಲ್ಲರೂ ಅವರನ್ನು ಶೇಟ್ ಎನ್ನುತ್ತಿದ್ದರು. ನಾನು ಹೋದಾಗ ಅಂಗಳದಲ್ಲಿ ಒಂದು ವಿದೇಶಿ ಗಾಡಿ ಮೂಗು ಕೆಳಗೆ ಮಾಡಿ ನಿಂತಿತ್ತು. ಯಾರೋ ತರಿಸಿ, ನ್ಹಾವಾ ಶೇವಾ ಬಂದರಿನಲ್ಲೇ ಬೇಸತ್ತು ಮಾರಿದ ಮೋಟರ್‌ಹೋಮು.

ಗಾಡಿಯ ಮೆಟ್ಟಿಲ ಮೇಲೆ ಕುಳಿತು ಒಬ್ಬ ಡ್ರೈವರ್ ಚಹಾ ಕುಡಿಯುತ್ತಿದ್ದ. ತೆಳ್ಳಗಿನ ಮನುಷ್ಯ, ದಪ್ಪ ಮೀಸೆ.

"ಹೊಸ ಡಾಕ್ಟರಾ?" ಎಂದ. "ನಿನ್ನ ಮೊದಲು ಮೂವರು ಬಂದು ಹೋದರು. ಮೂವರೂ ಪ್ಯಾನೆಲ್ ಬದಲಿಸಬೇಕು ಅಂದರು. ನಿನಗೂ ಅದೇ ಅನ್ನಿಸಿದರೆ ಮೊದಲೇ ಹೇಳು ಅಣ್ಣಾ, ಚಹಾ ಖರ್ಚು ಉಳೀತದೆ."

ಅವನೇ ಗಣಪತ್. ಕಲ್ಯಾಣದವನು. ಮರಾಠಿ ಮಾತು, ಒಂದೊಂದು ವಾಕ್ಯಕ್ಕೂ ಒಂದು ಮುಳ್ಳು. ಈ ಕಡೆ ದಕ್ಷಿಣದವರೆಲ್ಲ ಅಣ್ಣಾ. ನನ್ನ ಹೆಸರು ಪೂಜಾರಿ ಎಂದು ಗೊತ್ತಿದ್ದೂ ಅವನು ಕೊನೆವರೆಗೆ ಅಣ್ಣಾ ಎಂದೇ ಕರೆದ.

ಆ ಗಾಡಿಯ ರೋಗ ವಿಚಿತ್ರವಾಗಿತ್ತು. ಎಡಗಾಲಿನ ಗುಂಡಿ ಒತ್ತಿದರೆ ಬಲಗಾಲು ಇಳಿಯುತ್ತಿತ್ತು. ಇನ್ನೊಮ್ಮೆ ಒತ್ತಿದರೆ ದೀಪಗಳೆಲ್ಲ ಮಿಣುಕಿ ಆರುತ್ತಿದ್ದವು. ಯಾರಿಗಾದರೂ ಪ್ಯಾನೆಲ್ಲಿನ ತಲೆ ಕೆಟ್ಟಿದೆ ಅನ್ನಿಸುವುದು ಸಹಜ. ನಾನು ಚಾಪೆ ಹಾಸಿ ಗಾಡಿಯ ಅಡಿಯಲ್ಲಿ ಮಲಗಿದೆ. ಪಂಪಿನಿಂದ ಗಾಡಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಸ್ಸಿಗೆ, ಬರುವ ಅರ್ಥಿಂಗ್ ತಂತಿಯನ್ನು ಯಾರೋ ಬಣ್ಣ ಬಳಿದ ಕಬ್ಬಿಣದ ಮೇಲೆಯೇ ಬೋಲ್ಟ್ ಹಾಕಿ ಕೂರಿಸಿದ್ದರು. ಬಣ್ಣದ ಕೆಳಗೆ ಹಡಗಿನ ಉಪ್ಪುಗಾಳಿಯ ತುಕ್ಕು. ವಿದ್ಯುತ್ತು ಹಿಂದೆ ಹೋಗಲು ದಾರಿ ಸಿಗದೆ ಕಂಡಕಂಡ ದೀಪದೊಳಗೆ ನುಗ್ಗುತ್ತಿತ್ತು. ಬೋಲ್ಟ್ ಬಿಚ್ಚಿ, ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿ ಮತ್ತೆ ಬಿಗಿದೆ. ಆ ಜಾಗಕ್ಕೆ ನನ್ನ ಹಳದಿ ಟೇಪ್ ಸುತ್ತಿದೆ. ಎಲ್ಲರೂ ಕಪ್ಪು ಟೇಪ್ ಬಳಸುವಾಗ ನಾನು ಹಳದಿ ಬಳಸುತ್ತಿದ್ದೆ. ಯಾವ ಜಾಯಿಂಟು ನನ್ನದು ಎಂದು ನೋಡಿದವರಿಗೆ ಗೊತ್ತಾಗಲಿ ಎಂಬ ಜಂಬ. ಗಣಪತ್ ಗುಂಡಿ ಒತ್ತಿದ. ಎಡಕ್ಕೆ ಒತ್ತಿದರೆ ಎಡಗಾಲೇ ಇಳಿಯಿತು.

"ಚಹಾ ತರ್ತೇನೆ," ಎಂದು ಎದ್ದು ಹೋದ. ಅವನ ಬಾಯಿಂದ ಅದೇ ದೊಡ್ಡ ಹೊಗಳಿಕೆ.

ಹುಡುಗರೇ, ಪ್ಯಾನೆಲ್ ಹುಚ್ಚುಹುಚ್ಚಾಗಿ ಆಡಿದರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಅರ್ಥಿಂಗ್. ಪ್ಯಾನೆಲ್ಲಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಶೇಟ್ ಕೇಳಿದರು, "ಪೂಜಾರಿ, ಇದರ ನಕಲು ನಮ್ಮ ಬಸ್ಸಿನ ಚಾಸಿಸ್ಸಿಗೆ ಕೂರಿಸೋಕೆ ಆಗ್ತದಾ?" ಆಗುತ್ತದೆ ಎಂದೆ. ಹೇಗೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಟಿಪ್ಪರ್ ಲಾರಿಯ ಪಂಪು ತಂದೆ. ಉಲ್ಹಾಸನಗರದ ಒಂದು ಲೇತ್ ಅಂಗಡಿಯಲ್ಲಿ ಸಿಲಿಂಡರ್ ಮಾಡಿಸಿದೆ. ವಾಲ್ವುಗಳಿಗೆ ನಮ್ಮ ಮುಚ್ಚಿದ ಫ್ಯಾಕ್ಟರಿಯ ಗುಜರಿ. ಯಾವ ಬದಿ ತಗ್ಗು ಎಂದು ತಿಳಿಯಲು ಮೊದಲಿಗೆ ಪಾದರಸದ ಸ್ವಿಚ್ಚು ಹಾಕಿದೆ. ಗಾಜಿನ ಗುಳ್ಳೆಯೊಳಗೆ ಪಾದರಸ ತಗ್ಗಿನ ಕಡೆ ಓಡಿ ಎರಡು ತಂತಿ ಕೂಡಿಸುತ್ತದೆ, ಅಷ್ಟೇ. ಮೊದಲ ಗಾಡಿ ಸಮವಾಗಿ ನಿಂತ ದಿನ ಒಳಗೆ ಹೋಗಿ ನೆಲದ ಮೇಲೆ ಸ್ಟೀಲಿನ ತಟ್ಟೆ ಇಟ್ಟು ಅಂಚಿನವರೆಗೆ ನೀರು ತುಂಬಿದೆ. ನೀರು ಒಂದು ಕಡೆಯಿಂದಲೂ ಚೆಲ್ಲಲಿಲ್ಲ. ಆ ತಟ್ಟೆಯನ್ನು ಸುಮ್ಮನೆ ನೋಡುತ್ತ ಎಷ್ಟು ಹೊತ್ತು ಕುಳಿತಿದ್ದೆನೋ. ಮಕ್ಕಳು ಹುಟ್ಟಿದಾಗಲೂ ಅಷ್ಟು ಹೊತ್ತು ನೋಡಿರಲಿಲ್ಲ ಎಂದು ಗಿರಿಜಾ ಇಂದಿಗೂ ಆಡಿಕೊಳ್ಳುತ್ತಾಳೆ. ಪಾದರಸ ಹೋಗಿ ಎಲೆಕ್ಟ್ರಾನಿಕ್ ಸೆನ್ಸರ್ ಬಂದ ಮೇಲೂ ನಾನು ತಟ್ಟೆ ಬಿಡಲಿಲ್ಲ.

ಎಡವಟ್ಟುಗಳೂ ಆದವು. ಎಣ್ಣೆಯ ಟ್ಯಾಂಕಿನ ಮಟ್ಟ ನೋಡುವಾಗ ಕಾಲುಗಳು ಮೇಲೆ ಹೋಗಿರಬೇಕು. ಕಾಲು ಕೆಳಗಿದ್ದರೆ ಎಣ್ಣೆಯೆಲ್ಲ ಸಿಲಿಂಡರಿನೊಳಗೆ ಇರುತ್ತದೆ, ಟ್ಯಾಂಕು ಖಾಲಿ ಕಾಣುತ್ತದೆ. ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ಇದ್ದವನು ಇದನ್ನು ಮರೆತು, ಠಾಣೆಯ ಒಂದು ಬಂಗಲೆಯ ಹೊರಗೆ ಕಾಲು ಇಳಿದಿದ್ದಾಗಲೇ ಟ್ಯಾಂಕ್ ತುಂಬಿಸಿಬಿಟ್ಟೆ. ಸಂಜೆ ಗಣಪತ್ ಕಾಲು ಮೇಲೆತ್ತಿದ. ನಾಲ್ಕು ಸಿಲಿಂಡರಿನ ಎಣ್ಣೆ ಒಟ್ಟಿಗೆ ವಾಪಸು ಬಂದು, ಜಾಗ ಸಿಗದೆ, ಗಾಳಿತೂತಿನಿಂದ ಕಾರಂಜಿಯಾಗಿ ಹಾರಿತು. ಪಕ್ಕದ ಹಗ್ಗದ ಮೇಲೆ ಮದುವೆ ಸೀನಿನ ಪೇಟಗಳನ್ನು ಒಣಗಲು ಹಾಕಿದ್ದರು. ಅಷ್ಟೂ ಪೇಟಗಳು ಎಣ್ಣೆಯಲ್ಲಿ ಮಿಂದವು.

"ಊರು ಬಿಟ್ಟರೂ ಡೋಸೆ ಬಿಡಲಿಲ್ಲ ಅಣ್ಣಾ ನೀನು," ಎಂದ ಗಣಪತ್. "ಕಾವಲಿಗೆ ಹಾಕೋ ಎಣ್ಣೆ ಬೀಗರ ತಲೆಗೆ ಹಾಕ್ದೆ."

ನನಗೂ ಅವನಿಗೂ ಸ್ನೇಹ ಬೆಳೆದದ್ದು ಹೀಗೆ, ಬೈದಾಡಿಕೊಂಡೇ. ಒಂದು ವಿಷಯದಲ್ಲಿ ಮಾತ್ರ ನಮಗೆ ಒಮ್ಮತ ಇರಲಿಲ್ಲ.

ಈ ಗಾಡಿಗಳಿಗೆ ಬರುವ ಅತಿ ಕೆಟ್ಟ ಅಪಾಯ ಎಂದರೆ ಕಾಲು ಇಳಿದಿದ್ದಾಗಲೇ ಡ್ರೈವರ್ ಗಾಡಿ ಹೊರಡಿಸಿಬಿಡುವುದು. ಚಕ್ರ ನೆಲದ ಮೇಲೇ ಇರುವುದರಿಂದ ಗಾಡಿ ಹೊರಡುತ್ತದೆ. ಕಾಲು ಕಲ್ಲಿಗೋ ಕಟ್ಟೆಗೋ ತಗುಲಿ ಬುಡಸಮೇತ ಕಿತ್ತು ಬರುತ್ತದೆ. ಅದಕ್ಕೆ ಗಣಪತ್ ಒಂದು ಪದ್ಧತಿ ಮಾಡಿಕೊಂಡಿದ್ದ. ಕಾಲು ಇಳಿಸಿದ ಕೂಡಲೇ ಕೆಳಗಿಳಿದು, ತನ್ನ ಎಡಗಾಲಿನ ಚಪ್ಪಲಿ ಬಿಚ್ಚಿ ಹಿಂದಿನ ಕಬ್ಬಿಣದ ಕಾಲಿನ ಬುಡದಲ್ಲಿ ಇಡುತ್ತಿದ್ದ. ಎಡಗಾಲು ಕ್ಲಚ್ಚಿನ ಕಾಲು. ಬರಿಗಾಲು ಕ್ಲಚ್ಚಿಗೆ ತಾಗಿದ ಕೂಡಲೇ ನೆನಪಾಗುತ್ತದೆ: ಚಪ್ಪಲಿ ಎಲ್ಲಿ? ಕಬ್ಬಿಣದ ಕಾಲಿನ ಹತ್ತಿರ. ಹಾಗಾದರೆ ಕಾಲು ಕೆಳಗಿದೆ. ಅವನನ್ನು ನೋಡಿ ನಮ್ಮ ಗ್ಯಾರೇಜಿನ ಡ್ರೈವರುಗಳೆಲ್ಲ ಹಾಗೇ ಮಾಡತೊಡಗಿದರು. ಶೂಟಿಂಗಿನಲ್ಲಿ ಸಾಲಾಗಿ ನಿಂತ ವ್ಯಾನುಗಳಲ್ಲಿ ನಮ್ಮವು ಯಾವುವು ಎಂದು ಕೇಳಿದರೆ ಲೈಟ್‌ಬಾಯ್‌ಗಳು "ಚಪ್ಪಲಿ ಇಟ್ಟವು" ಎನ್ನುತ್ತಿದ್ದರು.

ನನಗೆ ಅದು ಅವಮಾನ ಎನ್ನಿಸುತ್ತಿತ್ತು. ಅಷ್ಟು ಕಷ್ಟಪಟ್ಟು ಕೂರಿಸಿದ ಕಾಲು, ಅದರ ಬುಡದಲ್ಲಿ ಚಪ್ಪಲಿ! ಎಲೆಕ್ಟ್ರಾನಿಕ್ ಪ್ಯಾನೆಲ್ ಬಂದಾಗ ಒಂದು ಬಝರ್ ಮತ್ತು ಒಂದು ಕೆಂಪು ದೀಪ ಸೇರಿಸಿದೆ. ಕಾಲು ಕೆಳಗಿದ್ದು ಯಾರಾದರೂ ಕೀಲಿ ತಿರುಗಿಸಿದರೆ ದೀಪ ಹೊತ್ತುತ್ತದೆ, ಬಝರ್ ಕೂಗುತ್ತದೆ. ತಂತಿ ಉಳಿಯಲಿ, ಕೆಲಸ ಚೊಕ್ಕವಾಗಿ ಕಾಣಲಿ ಎಂದು ಎರಡಕ್ಕೂ ಒಂದೇ ತಂತಿ ಎಳೆದೆ. ಆ ಒಂದು ತಂತಿಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಅದೇ ಹೊತ್ತಿಗೆ ಒಂದು ದೊಡ್ಡ ಕಂಪನಿಯವರು ನಮ್ಮ ಗಾಡಿಗಳನ್ನು ಕಾಯಂ ಬಾಡಿಗೆಗೆ ತೆಗೆದುಕೊಂಡರು. ಡ್ರೈವರುಗಳಿಗೆ ಯೂನಿಫಾರ್ಮ್, ಕರಿ ಶೂ ಇರಬೇಕು ಎಂದರು. ಶೇಟ್ ನನ್ನನ್ನೂ ಗಣಪತ್‌ನನ್ನೂ ಕರೆದು ಕೇಳಿದರು, "ಶೂ ಹಾಕಿದರೆ ಆ ಚಪ್ಪಲಿ ವ್ಯವಸ್ಥೆ ನಿಲ್ತದೆ. ನಡೀತದಾ?"

"ನಡೆಯೋದಿಲ್ಲ," ಎಂದ ಗಣಪತ್. "ಚಹಾ ಕುಡಿಯೋಕೆ ಹೋಗುವಾಗೆಲ್ಲ ಶೂ ಲೇಸು ಕಟ್ಟಿ ಬಿಚ್ಚಿ ಮಾಡೋಕಾಗ್ತದಾ ಶೇಟ್? ಚಪ್ಪಲಿ ಇರಲಿ."

ನಾನು ನಕ್ಕೆ. "ಶೇಟ್, ನನ್ನ ಪ್ಯಾನೆಲ್ಲಿಗೆ ತಲೆ ಇದೆ. ಚಪ್ಪಲಿಗೆ ಏನಿದೆ? ಬಝರ್ ಇರುವಾಗ ಅದೆಲ್ಲ ಯಾಕೆ? ಗ್ಯಾರಂಟಿ ನನ್ನದು."

ಗಣಪತ್ ಮುಳ್ಳಿನ ಮಾತು ಆಡುತ್ತಾನೆಂದುಕೊಂಡೆ. ಆಡಲಿಲ್ಲ. ಮಾರನೆ ದಿನ ಶೂ ಹಾಕಿಕೊಂಡು ಬಂದ. ಹೊಸ ಶೂ ಕಚ್ಚಿ ಕುಂಟುತ್ತಿದ್ದ.

ಕೆಲವು ತಿಂಗಳು ಎಲ್ಲ ಸರಿಯಾಗಿತ್ತು. ಡ್ರೈವರುಗಳು ಬಝರನ್ನು ನಂಬಲು ಕಲಿತರು. ಕೀಲಿ ತಿರುಗಿಸಿ, ಕೂಗು ಕೇಳಿದರೆ ಕಾಲು ಎತ್ತುವುದು, ಕೇಳದಿದ್ದರೆ ಹೊರಡುವುದು. ನೋಡುವುದನ್ನು ಬಿಟ್ಟು ಕೇಳುವುದಕ್ಕೆ ಒಗ್ಗಿಕೊಂಡರು. ಹಾಗೆ ಒಗ್ಗಿಸಿದವನು ನಾನು.

ಆ ದಿನ ಘೋಡ್‌ಬಂದರ್ ರಸ್ತೆಯ ಬಂಗಲೆಯೊಂದರಲ್ಲಿ ಶೂಟಿಂಗ್. ಅಂಗಳದಲ್ಲಿ ಸಾವಿನ ಸೀನು. ನಮ್ಮ ವ್ಯಾನು ಗೋಡೆಗೆ ತಾಗಿಯೇ ನಿಂತಿತ್ತು. ಮುಂದಿನ ಕೋಣೆಯಲ್ಲಿ ಅತ್ತೆಯ ಪಾತ್ರದ ಹಿರಿಯ ನಟಿ ವಿಶ್ರಾಂತಿ ಪಡೆಯುತ್ತಿದ್ದರು. ಆ ಕೋಣೆಯ ಫ್ಯಾನು ಗಾಡಿಯ ಕೀಲಿ ತಿರುಗಿಸಿದರೆ ಮಾತ್ರ ಓಡುತ್ತಿತ್ತು. ಕೀಲಿ ತಿರುಗಿಸಿದರೆ, ಕಾಲು ಕೆಳಗಿದ್ದುದರಿಂದ, ಬಝರ್. ಸೊಸೆಯ ಪಾತ್ರದವಳು ಗಂಡನ ಹೆಣದ ಮೇಲೆ ಬಿದ್ದು ಅಳುವಾಗ ಗೋಡೆಯಾಚೆಯಿಂದ ಪೀಂ ಪೀಂ ಎಂದು ಕೂಗು. ಹೆಣಕ್ಕೇ ನಗು ಬಂದು ಹೊಟ್ಟೆ ಕುಣಿಯಿತಂತೆ.

ಕಿವಿಗೆ ಹೆಡ್‌ಫೋನ್ ಹಾಕಿದ ಸೌಂಡಿನ ಮನುಷ್ಯ ಓಡಿ ಬಂದ. ಮೊದಲು ಹಿಂದಿಯಲ್ಲಿ ಕೂಗಿದ. ನನ್ನ ಹಿಂದಿ ಕೇಳಿ ನಿಂತ.

"ನೀವು ಕನ್ನಡದೋರಾ? ಅಯ್ಯೋ, ಬದುಕ್ಕೊಂಡೆ! ನಾನು ಮೈಸೂರು, ಶ್ರೀನಿವಾಸ ಅಂತ. ಸ್ವಾಮಿ, ದಯವಿಟ್ಟು ಈ ಪೀಪಿ ಒಂದು ನಿಲ್ಲಿಸಿಕೊಡಿ. ಆಯಮ್ಮ ಅತ್ತೂ ಅತ್ತೂ ಗ್ಲಿಸರಿನ್ನೇ ಮುಗೀತಾ ಬಂತು."

"ಫ್ಯಾನ್ ನಿಲ್ಲಿಸಿದ್ರೆ ಇದೂ ನಿಲ್ತದೆ."

"ಒಳಗಿರೋರು ಅತ್ತೆ. ಫ್ಯಾನ್ ನಿಲ್ಸಿ ಅಂತ ನೀವೇ ಹೋಗಿ ಹೇಳ್ತೀರಾ?"

ಅಷ್ಟು ಧೈರ್ಯ ನನಗಿರಲಿಲ್ಲ. ಮೇಲಾಗಿ, ಆ ಗದ್ದಲದ ನಡುವೆ ಒಬ್ಬ ನನ್ನನ್ನು ಕನ್ನಡದಲ್ಲಿ ಬೇಡಿಕೊಳ್ಳುತ್ತಿದ್ದ. ಪ್ಯಾನೆಲ್ ತೆರೆದು ಬಝರಿನ ತಂತಿ ಕತ್ತರಿಸಿದೆ, ತುದಿಗೆ ಹಳದಿ ಟೇಪ್ ಸುತ್ತಿದೆ, ಮುಚ್ಚಿದೆ. ಒಂದೇ ತಂತಿ. ಬಝರಿನ ಜೊತೆ ಕೆಂಪು ದೀಪವೂ ಸತ್ತಿತು.

ಗಣಪತ್ ಗೇಟಿನ ಹೊರಗೆ ಬೇರೆ ಡ್ರೈವರುಗಳ ಜೊತೆ ಊಟ ಮಾಡುತ್ತಿದ್ದ. ಹೋಗಿ ಒಂದು ಮಾತು ಹೇಳಬೇಕಿತ್ತು: ಬಝರ್ ಕತ್ತರಿಸಿದ್ದೇನೆ, ನೋಡಿಕೊಂಡು ಹೊರಡು. ಅಷ್ಟೇ ಮಾತು. ಯಾಕೆ ಹೇಳಲಿಲ್ಲ? ಮರೆತೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಹೇಳಿದರೆ ಅವನು ಎಲ್ಲರ ಮುಂದೆ "ಹಾಗಾದ್ರೆ ನನ್ನ ಚಪ್ಪಲಿ ವಾಪಸ್ ಕೊಡು ಅಣ್ಣಾ" ಎನ್ನುತ್ತಿದ್ದ. ಆ ಒಂದು ಮಾತು ಕೇಳಲು ನನಗೆ ಮನಸ್ಸಿರಲಿಲ್ಲ. ಸೀನು ಮುಗಿದ ಕೂಡಲೇ ತಂತಿ ಕೂಡಿಸಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಶೇಟ್ ಫೋನ್ ಬಂತು. ಸಾನಪಾಡಾದಲ್ಲಿ ನಿಂತ ನಮ್ಮ ಇನ್ನೊಂದು ಗಾಡಿಯ ಕಾಲು ಮೇಲೇಳುತ್ತಿಲ್ಲ, ಕೂಡಲೇ ಹೋಗು ಎಂದರು. ಠಾಣೆ ಸ್ಟೇಷನ್ನಿಗೆ ರಿಕ್ಷಾ ಹಿಡಿದು, ವಾಶಿ ಕಡೆಯ ಲೋಕಲ್ ಹತ್ತಿದೆ. ಐರೋಳಿ ದಾಟುವಾಗ ತಂತಿ ನೆನಪಾಯಿತು. ಫೋನ್ ಜೇಬಿನಿಂದ ತೆಗೆದೆ. ಗಣಪತ್‌ನ ನಂಬರು ಬಾಯಿಪಾಠ ಇತ್ತು. ಸಂಜೆವರೆಗೆ ಪ್ಯಾಕಪ್ ಇಲ್ಲ, ಅಷ್ಟರಲ್ಲಿ ವಾಪಸು ಹೋಗುತ್ತೇನೆ ಎಂದುಕೊಂಡು ಫೋನನ್ನು ಮತ್ತೆ ಜೇಬಿಗೆ ಹಾಕಿದೆ.

ಸಾನಪಾಡಾದ ಗಾಡಿಯಲ್ಲಿ ಕಾಲನ್ನು ಮೇಲಕ್ಕೆಳೆಯುವ ಸ್ಪ್ರಿಂಗಿಗೆ ಒಂದು ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡಿತ್ತು. ಕತ್ತರಿಸಿ ಎಳೆದರೆ ಮುಗಿಯಿತು. ಅಲ್ಲಿನವರು "ಕ್ಯಾ ಬಾತ್ ಹೈ ಅಣ್ಣಾ" ಎನ್ನುವಾಗಲೇ ಶೇಟ್ ಫೋನ್ ಮತ್ತೆ ಬಂತು.

ನಡೆದದ್ದು ಇಷ್ಟು. ಹೀರೋಗೆ ಜ್ವರ ಬಂದು ಬೇಗ ಪ್ಯಾಕಪ್ ಆಯಿತು. ಜನರೇಟರ್ ಲಾರಿಗೆ ದಾರಿ ಬೇಕು, ಗಾಡಿ ತೆಗಿ ತೆಗಿ ಎಂದು ಪ್ರೊಡಕ್ಷನ್ನಿನವರು ಗಣಪತ್‌ನ ಬೆನ್ನು ಬಿದ್ದರು. ಅವನು ಹತ್ತಿ ಕೀಲಿ ತಿರುಗಿಸಿದ. ಕೂಗಿಲ್ಲ, ಕೆಂಪಿಲ್ಲ. ಹೊರಟ. ಹಿಂದಿನ ಎಡಗಾಲು ಗೇಟಿನ ಕಲ್ಲುಕಟ್ಟೆಗೆ ಸಿಕ್ಕಿ ತಿರುಚಿ ಕಿತ್ತು ಬಂತು. ಅಂಗಳದ ತುಂಬ ಎಣ್ಣೆ. ಒಳಗೆ ದೊಡ್ಡ ಕನ್ನಡಿ ಚೂರು. ಅತ್ತೆಯ ಪಾತ್ರದವರು ಆಗಷ್ಟೇ ಇಳಿದುಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ. ಅದು ದೇವರ ದಯೆ, ನನ್ನ ಕೆಲಸದ ಗುಣ ಅಲ್ಲ.

ಮಾರನೆ ದಿನ ಶೇಟ್ ಆಫೀಸಿನಲ್ಲಿ ನಾವು ಮೂವರು. ಗಣಪತ್ ಯೂನಿಫಾರ್ಮಿನಲ್ಲಿ ನಿಂತಿದ್ದ.

"ಬಝರ್ ಕೂಗಲಿಲ್ಲ ಶೇಟ್," ಎಂದ.

ಶೇಟ್ ನನ್ನ ಕಡೆ ತಿರುಗಿದರು. "ಪೂಜಾರಿ, ಬಝರ್ ಚಾಲೂ ಇತ್ತಾ?"

ಗಣಪತ್ ನನ್ನನ್ನೇ ನೋಡುತ್ತಿದ್ದ.

"ಬೆಳಿಗ್ಗೆ ನಾನು ನೋಡಿದಾಗ ಚಾಲೂ ಇತ್ತು, ಶೇಟ್."

ಆ ವಾಕ್ಯದಲ್ಲಿ ಒಂದು ಪದವೂ ಸುಳ್ಳಿರಲಿಲ್ಲ. ಈ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಚೊಕ್ಕ ಜಾಯಿಂಟು ಅದೇ. ಎಲ್ಲಿಯೂ ಸೋರುವಂತಿರಲಿಲ್ಲ.

ಶೇಟ್ ಗಣಪತ್‌ಗೆ "ನಾಳೆಯಿಂದ ಬರಬೇಡ, ಹೋಗು" ಎಂದರು. ಅವನು ಬಗ್ಗಿ ಶೂ ಲೇಸು ಬಿಚ್ಚಿದ. ಎರಡು ಶೂಗಳನ್ನೂ ಜೋಡಿಸಿ ಶೇಟ್ ಮೇಜಿನ ಪಕ್ಕ ಇಟ್ಟು, ಬರಿಗಾಲಲ್ಲಿ ಶಿಳ್ ರಸ್ತೆಗೆ ನಡೆದು ಹೋದ. ಅಂಗಳದಲ್ಲಿದ್ದ ಡ್ರೈವರುಗಳು ಅವನ ಕಾಲನ್ನೇ ನೋಡಿದರು.

ಮುರಿದ ಕಾಲನ್ನು ನಾನೇ ರಿಪೇರಿ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಆದರೆ ಪ್ಯಾನೆಲ್ ತೆರೆದು ಆ ಹಳದಿ ತುದಿಯನ್ನು ನೋಡಿದಾಗ ಕೈ ಹಿಂದೆ ಬಂತು. ನನ್ನ ಕೆಲಸ ನನ್ನದೆಂದು ಗೊತ್ತಾಗಲಿ ಎಂದೇ ಆ ಬಣ್ಣ ಹಿಡಿದವನು ನಾನು. ಮನೆಯಲ್ಲಿ ಊಟಕ್ಕೆ ಕುಳಿತರೆ ಸಾರು ತಟ್ಟೆಯ ಒಂದು ಬದಿಗೆ ಹರಿದದ್ದು ಕಂಡರೂ ಮನಸ್ಸು ಕೆಡುತ್ತಿತ್ತು.

"ಎಂತ ಆಯ್ತು ನಿಮಗೆ?" ಎಂದಳು ಗಿರಿಜಾ. ಹೇಳಿದೆ. ಅವಳು ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. "ಅವರ ಮನೆಯಲ್ಲಿ ನಾವು ಗಣಪತಿ ಹಬ್ಬದ ಊಟ ಮಾಡಿದ್ದು ನೆನಪಿದೆಯಲ್ಲ?" ಎಂದಳು. ಅಷ್ಟೇ. ಸಾರು ಬಡಿಸಲಿಲ್ಲ.

ಆ ಭಾನುವಾರ ಕಲ್ಯಾಣಕ್ಕೆ ಹೋದೆ. ಗಣಪತ್ ಇದ್ದ ಸಾಲುಮನೆಗಳ ಚಾಳಿನ ಹೊರಗೆ ನೀರಿನ ಟ್ಯಾಂಕರ್ ನಿಂತಿತ್ತು. ವ್ಯಾನಿಟಿ ವ್ಯಾನ್ ಬಿಟ್ಟವನಿಗೆ ಸಿಕ್ಕಿದ್ದು ಅದು. ಕಾಲು ಕಿತ್ತ ಡ್ರೈವರ್ ಎಂಬ ಹೆಸರು ಬಿದ್ದ ಮೇಲೆ ಬೇರೆ ಯಾವ ವ್ಯಾನಿನವರೂ ಅವನನ್ನು ಕರೆಯಲಿಲ್ಲ. ಅವನ ಹೆಂಡತಿ "ಯಾ ಭಾವೋಜಿ", ಬನ್ನಿ ಭಾವ, ಎಂದು ಎಂದಿನಂತೆ ಕರೆದು ಚಹಾ ಇಟ್ಟಳು. ಗಣಪತ್ ಬನಿಯನ್ನಿನಲ್ಲಿ ಕುಳಿತು ಮೀಸೆ ಕತ್ತರಿಸಿಕೊಳ್ಳುತ್ತಿದ್ದ. ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದ:

"ಅಣ್ಣಾ, ಆ ಹಳದಿ ಟೇಪ್ ಎಲ್ಲಿ ಸಿಗ್ತದೆ? ನನಗೂ ಒಂದು ರೋಲ್ ಬೇಕಿತ್ತು."

ಹೇಳಬೇಕೆಂದು ರೈಲಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಹೊರಟುಹೋಯಿತು.

"ನೀನು ನೋಡಿದ್ದೆಯಾ?"

"ಕಾಲು ಕಿತ್ತ ಮೇಲೆ ಬಝರ್ ಯಾಕೆ ಕೂಗಲಿಲ್ಲ ಅಂತ ಪ್ಯಾನೆಲ್ ತೆರೆದೆ. ಚಂದದ ಕೆಲಸ. ನೋಡಿದ ಕೂಡಲೇ ಯಾರದ್ದು ಅಂತ ಗೊತ್ತಾಯ್ತು."

"ಶೇಟ್ ಮುಂದೆ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ನೋಡದೆ ಗಾಡಿ ಓಡಿಸಿದ್ದು ನಾನೇ ತಾನೇ. ಮೇಲೆ ನಿನ್ನ ಹೆಸರು ತೆಗೆದರೆ, ಡ್ರೈವರ್ ತಪ್ಪಿಸಿಕೊಳ್ಳೋಕೆ ಮೆಕ್ಯಾನಿಕ್ ಮೇಲೆ ಹಾಕ್ತಾನೆ ಅಂತಿದ್ರು. ನೀನೇ ಹೇಳ್ತೀಯ ಅಂತ ಕಾದೆ." ಕತ್ತರಿ ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದ. "ಟೇಪ್ ಬಿಡು. ಆ 'ಬೆಳಿಗ್ಗೆ' ಅಂದ್ಯಲ್ಲ, ಅದನ್ನ ಎಲ್ಲಿಂದ ತಂದೆ ಅಣ್ಣಾ?"

ಚಹಾ ಆರುತ್ತಿತ್ತು. "ನಾನು ಈಗ ಏನು ಮಾಡಲಿ ಹೇಳು," ಎಂದೆ.

"ನನ್ನ ಯಾಕೆ ಕೇಳ್ತೀಯ? ಎಲ್ಲಿ ಸೋರ್ತಾ ಇದೆ ಅಂತ ನಿನಗೆ ಗೊತ್ತಿದೆಯಲ್ಲ."

ಸೋಮವಾರ ಬೆಳಿಗ್ಗೆ ಡ್ರೈವರುಗಳೆಲ್ಲ ಗಾಡಿ ಕೀಲಿ ತೆಗೆದುಕೊಳ್ಳಲು ಅಂಗಳದಲ್ಲಿ ಸೇರುತ್ತಿದ್ದರು. ಆಫೀಸಿನೊಳಗೆ ಗುಟ್ಟಾಗಿ ಹೇಳಬಹುದಿತ್ತು. ಆದರೆ ಗಣಪತ್ ಬರಿಗಾಲಲ್ಲಿ ಹೋದದ್ದು ಎಲ್ಲರ ಮುಂದೆ. ಆದ್ದರಿಂದ ಅಂಗಳದಲ್ಲೇ, ಶೇಟ್ ಕೀಲಿ ಹಂಚುತ್ತಿದ್ದಾಗ ಹೇಳಿದೆ: ತಂತಿ ಕತ್ತರಿಸಿದವನು ನಾನು, ಅವನಿಗೆ ತಿಳಿಸದವನು ನಾನು, ಕೇಳಿದಾಗ ಬೆಳಿಗ್ಗೆ ಸರಿ ಇತ್ತು ಎಂದವನೂ ನಾನು.

ಶೇಟ್ ಕೈಯಲ್ಲಿದ್ದ ಕೀಲಿಗೊಂಚಲು ಕೆಳಗಿಟ್ಟರು.

"ಪೂಜಾರಿ, ನಾನು ಬದುಕೆಲ್ಲ ರೆಕ್ಸಿನ್ ಮಾರಿದವನು. ರೆಕ್ಸಿನ್ ಅಂತ ಹೇಳಿಯೇ ಮಾರಿದೆ, ಚರ್ಮ ಅಂತ ಹೇಳಿ ಒಂದು ಗಜ ಮಾರಿಲ್ಲ. ನಿನ್ನ 'ಬೆಳಿಗ್ಗೆ' ಇದೆಯಲ್ಲ, ಅದು ರೆಕ್ಸಿನ್. ನನಗೆ ಚರ್ಮ ಅಂತ ಮಾರಿದೆ."

ಕೆಲಸ ಹೋಯಿತು ಎಂದುಕೊಂಡೆ. ಹೋದರೂ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಶೇಟ್ ಒಳಗೆ ಹೋಗಿ ಗಣಪತ್‌ನ ಕರಿ ಶೂ ತಂದರು. ಅದನ್ನು ನನ್ನ ಕೈಗೆ ಕೊಟ್ಟರು.

"ಹೋಗು. ಇದನ್ನ ಅವನ ಕಾಲಿಗೆ ಹಾಕಿಸಿ ಕರಕೊಂಡು ಬಾ. ಅವನು ಬಂದರೆ ನೀನೂ ಬಾ. ಅವನು ಬರದಿದ್ದರೆ ನೀನೂ ಬರಬೇಡ."

ಶೂ ಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡು ಶೇರ್ ರಿಕ್ಷಾದಲ್ಲಿ ಕಲ್ಯಾಣಕ್ಕೆ ಹೋದೆ. ಪಕ್ಕದಲ್ಲಿ ಕುಳಿತವರು ಮೂಗು ಮುಚ್ಚಿಕೊಂಡರು. ಗಣಪತ್ ಟ್ಯಾಂಕರಿನ ಪೈಪು ಸುತ್ತುತ್ತಿದ್ದ. ಶೂ ನೋಡಿದ, ನನ್ನನ್ನು ನೋಡಿದ.

"ಪಾಲಿಶ್ ಮಾಡಿಲ್ಲ," ಎಂದ.

ಅಲ್ಲೇ ಕಟ್ಟೆಯ ಮೇಲೆ ಕುಳಿತು ನನ್ನ ಕರ್ಚೀಫಿನಿಂದ ಒರೆಸಿ ಕೊಟ್ಟೆ. ಹಾಕಿಕೊಂಡ.

ಅವನು ವಾಪಸು ಬಂದ ಮೊದಲ ದಿನ ಮತ್ತೆ ಘೋಡ್‌ಬಂದರ್ ರಸ್ತೆಗೇ ಬಾಡಿಗೆ. ಮೇ ತಿಂಗಳ ಬಿಸಿಲು. ಅಷ್ಟರಲ್ಲಿ ಎಲ್ಲ ಗಾಡಿಗಳಲ್ಲೂ ಬಝರಿಗೆ ಒಂದು, ದೀಪಕ್ಕೆ ಒಂದು ಎಂದು ಬೇರೆ ಬೇರೆ ತಂತಿ ಎಳೆದಿದ್ದೆ. ಮುಂದಿನ ಕೋಣೆಯ ಫ್ಯಾನಿಗೂ ಬೇರೆ ಸ್ವಿಚ್ ಕೊಟ್ಟಿದ್ದೆ. ಗಣಪತ್ ಗಾಡಿ ನಿಲ್ಲಿಸಿ ಕಾಲು ಇಳಿಸಿದ. ನಾನು ಒಳಗೆ ತಟ್ಟೆ ಇಟ್ಟು ನೀರು ನೋಡಿದೆ. ಅಂಚಿಗೆ ಅಂಚು ಸಮ. ಹೊರಗೆ ಬಂದರೆ ಅವನು ಹಿಂದಿನ ಎಡಗಾಲಿನ ಹತ್ತಿರ ನಿಂತಿದ್ದ, ಕಾಲಲ್ಲಿ ಮಿಂಚುವ ಶೂ. ನನ್ನ ಪಾದ ನೋಡುತ್ತ ಕೈ ಚಾಚಿದ.

"ಬಿಚ್ಚು."

"ಏನು?"

"ಎಡಗಾಲಿನದ್ದು. ನನಗೆ ಶೂ, ಯೂನಿಫಾರ್ಮು. ಶೇಟ್ ಆರ್ಡರ್. ಇನ್ಮೇಲೆ ನಿನ್ನದು. ಚಪ್ಪಲಿ ಬೇಕಾದ್ರೆ ನೀನೇ ಬಂದು ಕಾಲು ಮೇಲೆ ಹೋಗಿದೆಯಾ ಅಂತ ನೋಡ್ಬೇಕು. ನೀನು ನೋಡ್ದೆ ನಾನು ಗಾಡಿ ಎತ್ತೋದಿಲ್ಲ."

ಬಿಚ್ಚಿ ಕೊಟ್ಟೆ. ಅವನು ಅದನ್ನು ಕಬ್ಬಿಣದ ಪಾದದ ಬುಡದಲ್ಲಿ ನೆಟ್ಟಗೆ ಇಟ್ಟ. ಆ ದಿನವೆಲ್ಲ ಬಂಗಲೆಯ ಅಂಗಳದಲ್ಲಿ, ಕಾದ ಕಲ್ಲಿನ ಮೇಲೆ, ಒಂದು ಚಪ್ಪಲಿಯಲ್ಲಿ ಓಡಾಡಿದೆ. ಎಡಗಾಲನ್ನು ನೆರಳಿನಿಂದ ನೆರಳಿಗೆ ಹಾರಿಸುತ್ತ ಕೊಕ್ಕರೆಯ ಹಾಗೆ. ಲೈಟ್‌ಬಾಯ್‌ಗಳು ಬಿದ್ದು ಬಿದ್ದು ನಕ್ಕರು. ಸೌಂಡಿನ ಶ್ರೀನಿವಾಸ ಬಂದು ಕೇಳಿದ, "ಏನ್ ಸ್ವಾಮಿ, ಒಂದೇ ಚಪ್ಪಲಿ? ಇನ್ನೊಂದು ನಾಯಿ ಎತ್ಕೊಂಡು ಹೋಯ್ತಾ?"

"ಇಲ್ಲ," ಎಂದೆ. "ಅದು ನಮ್ಮ ಹೊಸ ಬಝರ್. ಸದ್ದು ಮಾಡುವುದಿಲ್ಲ, ನಿಮಗೆ ತೊಂದರೆ ಇಲ್ಲ."

ಸುಟ್ಟ ಅಂಗಾಲಿನಲ್ಲಿ ಹಾಗೆ ಹೇಳುವಾಗ ಮೊದಲ ಗಾಡಿಯ ತಟ್ಟೆ ನೋಡಿದಷ್ಟೇ ಹೆಮ್ಮೆ ಆಗಿತ್ತು. ಯಾಕೆಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಅದಾದ ಮೇಲೆ ಎಷ್ಟೋ ಬದಲಾಯಿತು. ಪ್ಯಾನೆಲ್ ಹೋಗಿ ರಿಮೋಟ್ ಬಂತು, ರಿಮೋಟ್ ಹೋಗಿ ಫೋನಿನಲ್ಲೇ ಕಾಲು ಇಳಿಸುವುದು ಬಂತು. ಕಾಲು ಕೆಳಗಿದ್ದರೆ ಇಂಜಿನ್ನೇ ಶುರುವಾಗದಂತೆ ಮಾಡುವ ಪೆಟ್ಟಿಗೆ ಬಂತು. ಎಲ್ಲವನ್ನೂ ಕಲಿತೆ, ಕೂರಿಸಿದೆ. ಅವು ಒಳ್ಳೆಯವು, ಬೇಡ ಎನ್ನಬೇಡಿ. ಗಣಪತ್‌ನ ಜೊತೆ ನಾನು ಹೋದ ಬಾಡಿಗೆಗಳಲ್ಲಿ ಮಾತ್ರ ಕೊನೆಯ ದಿನದವರೆಗೂ ಎಡ ಹಿಂಗಾಲಿನ ಬುಡದಲ್ಲಿ ನನ್ನ ಚಪ್ಪಲಿ ಇತ್ತು. ನಾವು ಹೋಗದ ಗಾಡಿಗಳಲ್ಲಿ ಆಮೇಲೆ ಸೇರಿದ ಬೇರೆ ಮೆಕ್ಯಾನಿಕ್‌ಗಳ ಚಪ್ಪಲಿ ಇತ್ತು. ನಮ್ಮ ಗ್ಯಾರೇಜಿನ ಯಾವ ಗಾಡಿಯೂ ಮತ್ತೆ ಕಾಲು ಕಿತ್ತುಕೊಳ್ಳಲಿಲ್ಲ.

ಮೊನ್ನೆ ಗಿರಿಜಾ ಬಾಲ್ಕನಿಯ ಹಳೆಯ ಸಾಮಾನು ತೆಗೆಯುತ್ತಿದ್ದಳು. ಒಂದು ಗೋಣಿಯಲ್ಲಿ ನನ್ನ ಹಳೆಯ ಚಪ್ಪಲಿಗಳಿದ್ದವು. ಎಲ್ಲವನ್ನೂ ನೆಲಕ್ಕೆ ಸುರಿದು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಇದೆಂತದು ಮಾರಾಯ್ರೆ? ಬಲಗಾಲಿನದ್ದೆಲ್ಲ ಸವೆದು ತೂತು ಬಿದ್ದಿದೆ. ಎಡದ್ದು ಹೊಸದರ ಹಾಗೇ ಇದೆ. ಒಂದು ಕಾಲಲ್ಲೇ ನಡೀತಿದ್ರಾ ನೀವು?"

"ಎಡದ್ದು ಕೆಲಸದಲ್ಲಿತ್ತು," ಎಂದೆ.